ಅಂಗಾಂಶಗಳ ವಿದ್ಯುತ್ ಇಂಪೀಡೆನ್ಸ್ ಅಳೆಯುವ ಎಲೆಕ್ಟ್ರೋಡ್ ಪ್ರೋಬುಗಳು

ದೇಹದ ಅಂಗಾಂಶದೊಳಗೆ ಅತ್ಯಲ್ಪ ಪ್ರಮಾಣದ ಪರ್ಯಾಯ ವಿದ್ಯುತ್ತನ್ನು ಹರಿಸಿ, ಆ ಪ್ರವಾಹಕ್ಕೆ ಅಂಗಾಂಶವು ಒಡ್ಡುವ ಒಟ್ಟು ತಡೆಯನ್ನು ಬೇರೆ ಬೇರೆ ಆವೃತ್ತಿಗಳಲ್ಲಿ ಅಳೆಯುವ ಉಪಕರಣದಲ್ಲಿ, ದೇಹಕ್ಕೆ ತಾಗುವ ಲೋಹದ ತುದಿಗಳನ್ನು ಹೊತ್ತ ಕಡ್ಡಿ, ಸೂಜಿ ಅಥವಾ ಬಿಲ್ಲೆಯಂಥ ಭಾಗಕ್ಕೆ ಎಲೆಕ್ಟ್ರೋಡ್ ಪ್ರೋಬ್ ಎಂದು ಹೆಸರು. ಈ ಒಟ್ಟು ತಡೆಯೇ ಇಂಪೀಡೆನ್ಸ್. ಪ್ರವಾಹವನ್ನು ನೇರವಾಗಿ ತಡೆದು ಶಾಖವಾಗಿಸುವ ರೋಧ ಮತ್ತು ವಿದ್ಯುದಾವೇಶವನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಧಾರಕ ಗುಣ ಇವೆರಡೂ ಅದರಲ್ಲಿ ಸೇರಿರುತ್ತವೆ, ಆದ್ದರಿಂದ ಅದಕ್ಕೆ ಓಮ್‌ಗಳಲ್ಲಿ ಒಂದು ಪ್ರಮಾಣವೂ ಡಿಗ್ರಿಗಳಲ್ಲಿ ಒಂದು ಕಲಾಂತರವೂ ಇರುತ್ತದೆ. ಕಳೆದ ನೂರು ವರ್ಷಗಳಲ್ಲಿ ಅಳೆಯುವ ಇಲೆಕ್ಟ್ರಾನಿಕ್ ಮಂಡಲಗಳು ಊಹೆಗೂ ಮೀರಿ ಸುಧಾರಿಸಿದ್ದರೂ, ಅಳತೆಯ ನಂಬಿಕೆ ಇಂದಿಗೂ ನಿಂತಿರುವುದು ಕೆಲವೇ ಮಿಲಿಮೀಟರ್ ಅಗಲದ ಈ ತುದಿಯ ಮೇಲೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇದೇ ತತ್ತ್ವ ಎರಡು ರೂಪಗಳಲ್ಲಿ ಬಳಕೆಯಲ್ಲಿದೆ: ಒಂದು ಕೊಳವೆಬಾವಿಗೆ ಜಾಗ ಹುಡುಕುವ ಭೂವಿಜ್ಞಾನಿಯ ಗೂಟಗಳಲ್ಲಿ, ಇನ್ನೊಂದು ಆಸ್ಪತ್ರೆಯ ಹಾಸಿಗೆ ಪಕ್ಕದ ಮಾನಿಟರಿನಲ್ಲಿ.

ಅಂಗಾಂಶದೊಳಗೆ ವಿದ್ಯುತ್ತಿನ ದಾರಿ

ಅಂಗಾಂಶವೆಂದರೆ ಉಪ್ಪುನೀರಿನಲ್ಲಿ ಒತ್ತೊತ್ತಾಗಿ ಜೋಡಿಸಿಟ್ಟ ಜೀವಕೋಶಗಳ ರಾಶಿ. ಕೋಶಗಳ ಹೊರಗಿನ ದ್ರವವೂ ಒಳಗಿನ ದ್ರವವೂ ವಿದ್ಯುತ್ತನ್ನು ಚೆನ್ನಾಗಿಯೇ ಒಯ್ಯುತ್ತವೆ. ನಡುವೆ ಇರುವ ಕೋಶಪೊರೆ ಮಾತ್ರ ಕೊಬ್ಬಿನ ಅಣುಗಳಿಂದಾದ ತೆಳು ನಿರೋಧಕ. ಕಡಿಮೆ ಆವೃತ್ತಿಯ ಪ್ರವಾಹ ಈ ಪೊರೆಯನ್ನು ದಾಟಲಾರದೆ ಕೋಶಗಳ ಸಂದುಗೊಂದಿಗಳಲ್ಲಿ ಸುತ್ತಿ ಸಾಗಬೇಕಾಗುತ್ತದೆ. ಆವೃತ್ತಿ ಏರಿದಂತೆ ಪೊರೆಯು ಕೆಪಾಸಿಟರಿನಂತೆ ವರ್ತಿಸಿ ದಾರಿ ಬಿಡುವುದರಿಂದ ಪ್ರವಾಹ ಕೋಶಗಳನ್ನು ತೂರಿಕೊಂಡು ನೇರವಾಗಿ ಹರಿಯುತ್ತದೆ. ಹೀಗಾಗಿ ಒಂದೇ ತುಣುಕು ಅಂಗಾಂಶ ಕಡಿಮೆ ಆವೃತ್ತಿಯಲ್ಲಿ ಹೆಚ್ಚು ತಡೆಯನ್ನೂ ಹೆಚ್ಚು ಆವೃತ್ತಿಯಲ್ಲಿ ಕಡಿಮೆ ತಡೆಯನ್ನೂ ತೋರಿಸುತ್ತದೆ, ಮತ್ತು ಈ ಇಳಿಕೆ ಎಲ್ಲಿ, ಎಷ್ಟು ಕಡಿದಾಗಿ ಆಗುತ್ತದೆ ಎಂಬುದು ಕೋಶಗಳ ಗಾತ್ರ, ಒತ್ತಣೆ ಮತ್ತು ಪೊರೆಯ ಸ್ಥಿತಿಯನ್ನು ಹೇಳುತ್ತದೆ.

ಈ ತಿಳಿವಳಿಕೆಗೆ ಅಡಿಪಾಯ ಹಾಕಿದ ಪ್ರಯೋಗಗಳಲ್ಲಿ ಹ್ಯೂಗೋ ಫ್ರಿಕ್ 1925ರಲ್ಲಿ ಪ್ರಕಟಿಸಿದ್ದು ಮುಖ್ಯವಾದುದು. ನಾಯಿಯ ರಕ್ತದ ಇಂಪೀಡೆನ್ಸನ್ನು ಅಳೆದ ಅವರು ಕೆಂಪು ರಕ್ತಕಣದ ಪೊರೆಯ ಧಾರಕತೆ ಚದರ ಸೆಂಟಿಮೀಟರಿಗೆ ಸುಮಾರು 0.81 ಮೈಕ್ರೋಫ್ಯಾರಡ್ ಎಂದು ಕಂಡುಕೊಂಡು, ಅದರಿಂದ ಪೊರೆಯ ದಪ್ಪ 3.3 ನ್ಯಾನೋಮೀಟರ್ ಇರಬೇಕೆಂದು ಲೆಕ್ಕ ಹಾಕಿದರು. ಆ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಉಪಾಯವೇ ಇಲ್ಲದ ಕಾಲದಲ್ಲಿ, ಎರಡು ಲೋಹದ ಫಲಕಗಳ ನಡುವಿನ ವಿದ್ಯುತ್ ಅಳತೆಯೊಂದರಿಂದಲೇ ಅಣುಗಳ ಅಳತೆಗೆ ಇಳಿದದ್ದು ವಿಜ್ಞಾನದ ಇತಿಹಾಸದ ಸೊಗಸಾದ ಊಹೆಗಳಲ್ಲಿ ಒಂದು. ಕೆನೆತ್ ಕೋಲ್ ಮತ್ತು ಅವರ ತಮ್ಮ ರಾಬರ್ಟ್ ಕೋಲ್ 1941ರಲ್ಲಿ ಆವೃತ್ತಿಯೊಡನೆ ಆಗುವ ಬದಲಾವಣೆಯನ್ನು ತಗ್ಗಿದ ಅರ್ಧವೃತ್ತದ ಕಮಾನಾಗಿ ಬರೆಯುವ ಸಮೀಕರಣವನ್ನು ಕೊಟ್ಟರು. ಹರ್ಮನ್ ಶ್ವಾನ್ 1957ರಲ್ಲಿ ಇಂಥ ಇಳಿಕೆಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ಮೂರು ಪಂಗಡ ಮಾಡಿದರು. ಇವುಗಳಲ್ಲಿ ಕೋಶಪೊರೆಯಿಂದ ಹುಟ್ಟುವ, ಹತ್ತಾರು ಕಿಲೋಹರ್ಟ್ಸಿನಿಂದ ಹತ್ತಾರು ಮೆಗಾಹರ್ಟ್ಸಿನವರೆಗೆ ಹರಡಿರುವ ಬೀಟಾ ಇಳಿಕೆಯೇ ವೈದ್ಯಕೀಯ ಪ್ರೋಬುಗಳಿಗೆ ಹೆಚ್ಚು ಉಪಯೋಗದ್ದು.

ಲೋಹ ಮತ್ತು ಉಪ್ಪುನೀರು ಕೂಡುವ ಗಡಿ

ತಂತಿಯಲ್ಲಿ ವಿದ್ಯುತ್ತನ್ನು ಒಯ್ಯುವವು ಇಲೆಕ್ಟ್ರಾನುಗಳು. ದೇಹದಲ್ಲಿ ಒಯ್ಯುವವು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಮೊದಲಾದ ಅಯಾನುಗಳು. ಈ ಎರಡು ಬಗೆಯ ಸಾಗಾಟ ಒಂದಕ್ಕೊಂದು ಕೈ ಬದಲಾಯಿಸುವ ಜಾಗವೇ ಎಲೆಕ್ಟ್ರೋಡಿನ ಮೇಲ್ಮೈ, ಮತ್ತು ಅಲ್ಲಿ ಅಯಾನುಗಳ ತೆಳು ಪದರವೊಂದು ಲೋಹಕ್ಕೆ ಎದುರಾಗಿ ಸಾಲುಗಟ್ಟಿ ತಾನೇ ಒಂದು ಕೆಪಾಸಿಟರ್ ಆಗುತ್ತದೆ. ಇದನ್ನು ಎಲೆಕ್ಟ್ರೋಡ್ ಧ್ರುವೀಕರಣ ಎನ್ನುತ್ತಾರೆ. ಅಂಗಾಂಶವನ್ನು ಅಳೆಯಹೊರಟ ಪ್ರೋಬ್ ತನ್ನ ಚರ್ಮವನ್ನೇ ಅಳೆದುಕೊಂಡು ಮೋಸಹೋಗುವುದು ಇಲ್ಲಿಯೇ.

ಅದರ ಪ್ರಮಾಣ ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. 1 ಮಿಲಿಮೀಟರ್ ವ್ಯಾಸದ ನುಣುಪಾದ ಲೋಹದ ಬಿಲ್ಲೆಯ ಮೇಲ್ಮೈ ಧಾರಕತೆಯನ್ನು ಚದರ ಸೆಂಟಿಮೀಟರಿಗೆ 20 ಮೈಕ್ರೋಫ್ಯಾರಡ್ ಎಂದು ಹಿಡಿದರೆ, ಆ ಬಿಲ್ಲೆಗೆ ದಕ್ಕುವುದು 0.16 ಮೈಕ್ರೋಫ್ಯಾರಡ್ ಮಾತ್ರ. 100 ಹರ್ಟ್ಸಿನಲ್ಲಿ ಅದು ಒಡ್ಡುವ ತಡೆ ಸುಮಾರು 10,000 ಓಮ್. ಅದೇ ಅಳತೆಯ ಬಿಂದುಗಳನ್ನು 2 ಮಿಲಿಮೀಟರ್ ಅಂತರದಲ್ಲಿ ಸ್ನಾಯುವಿನ ಮೇಲೆ ಇಟ್ಟಾಗ ಸ್ನಾಯುವಿನಿಂದ ಬರಬೇಕಾದ ನಿಜವಾದ ಉತ್ತರ ಕೆಲವು ನೂರು ಓಮ್ ಮಾತ್ರ. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡಂತೆ ಇದು. 100 ಕಿಲೋಹರ್ಟ್ಸಿಗೆ ಹೋದರೆ ಬಿಲ್ಲೆಯ ತಡೆ 10 ಓಮಿಗೆ ಇಳಿದು ತೊಂದರೆ ತಾನಾಗಿ ಕರಗುತ್ತದೆ, ಆದರೆ ರೋಗದ ಆರಂಭದಲ್ಲಿ ಬದಲಾಗುವ ಕೋಶಗಳ ನಡುವಿನ ಸಂದುಗಳ ಸುದ್ದಿ ಇರುವುದು ಕಡಿಮೆ ಆವೃತ್ತಿಯಲ್ಲಿ.

ಇದಕ್ಕೆ ಅತ್ಯಂತ ಹಳೆಯ ಪರಿಹಾರ ಎಲೆಕ್ಟ್ರೋಡಿನ ಮೇಲ್ಮೈಯನ್ನು ಒರಟು ಮಾಡಿ, ಹೊರಗಿನ ಅಳತೆ ಹೆಚ್ಚಿಸದೆ ನಿಜವಾದ ವಿಸ್ತೀರ್ಣವನ್ನು ಹೆಚ್ಚಿಸುವುದು. ಭೌತವಿಜ್ಞಾನಿ ಕೋಲ್‌ರೌಶ್ ಹತ್ತೊಂಬತ್ತನೆಯ ಶತಮಾನದಲ್ಲಿ ಲವಣದ್ರಾವಣಗಳ ವಾಹಕತೆ ಅಳೆಯಲು ಬಳಸಿದ ಪ್ಲಾಟಿನಂ ಕಪ್ಪು ಇಂಥದು: ಕ್ಲೋರೋಪ್ಲಾಟಿನಿಕ್ ಆಮ್ಲದಿಂದ ವಿದ್ಯುತ್ತಿನ ಮೂಲಕ ಲೇಪಿಸಿದ ಈ ಪುಡಿಪುಡಿ ಪದರ ಬೆಳಕನ್ನು ಹಿಂದಿರುಗಿಸದೆ ಕಾಡಿಗೆಯಂತೆ ಕಾಣುತ್ತದೆ, ಮತ್ತು ಅದರ ಸಣ್ಣಸಣ್ಣ ಗುಹೆಗಳಿಂದಾಗಿ ಮೇಲ್ಮೈ ಧಾರಕತೆ ನೂರು ಪಟ್ಟು ಮತ್ತು ಅದಕ್ಕೂ ಮಿಗಿಲಾಗಿ ಏರಬಲ್ಲದು, ಮೇಲಿನ ಲೆಕ್ಕದ 10,000 ಓಮ್ ಹಾಗೆ 100 ಓಮಿನ ಸುಮಾರಿಗೆ ಬರುತ್ತದೆ. ಹತ್ತಿಯಿಂದ ಒಮ್ಮೆ ಗಟ್ಟಿಯಾಗಿ ಒರೆಸಿದರೆ ಲೇಪ ಉದುರಿಹೋಗುವುದು ಅದರ ದೊಡ್ಡ ದೌರ್ಬಲ್ಯ. ಹೃದಯದ ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವ ಬಿಲ್ಲೆಗಳಲ್ಲಿರುವ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಜೋಡಿ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಕ್ಲೋರೈಡ್ ಅಯಾನುಗಳು ಗಡಿ ದಾಟುವ ರಾಸಾಯನಿಕ ಕ್ರಿಯೆಯೇ ಸಲೀಸಾಗಿ ನಡೆಯುವುದರಿಂದ ಆವೇಶ ಗಡಿಯಲ್ಲಿ ನಿಂತು ಕೊಳೆಯುವುದಿಲ್ಲ. ಆದರೆ ಬೆಳ್ಳಿಯ ಅಯಾನುಗಳು ಕೋಶಗಳಿಗೆ ವಿಷಕಾರಿಯಾದ್ದರಿಂದ ಅದನ್ನು ದೇಹದೊಳಗೆ ಬಹುಕಾಲ ಬಿಡುವಂತಿಲ್ಲ. ಇರಿಡಿಯಂ ಆಕ್ಸೈಡ್ ಮತ್ತು ಪೆಡಾಟ್ ಎಂಬ ವಿದ್ಯುದ್ವಾಹಕ ಪ್ಲಾಸ್ಟಿಕ್ ಇತ್ತೀಚಿನ ದಶಕಗಳ ಲೇಪಗಳು. ನರಕೋಶಗಳ ಮಾತನ್ನು ಕೇಳುವ ಸೂಕ್ಷ್ಮ ಎಲೆಕ್ಟ್ರೋಡುಗಳಿಗಾಗಿ ಬೆಳೆದ ಇವು ಈಗ ಇಂಪೀಡೆನ್ಸ್ ಪ್ರೋಬುಗಳಿಗೂ ಬಂದಿವೆ.

ನಾಲ್ಕು ಬಿಂದುಗಳ ಉಪಾಯ: ನೆಲದಲ್ಲೂ ದೇಹದಲ್ಲೂ

ಲೇಪಕ್ಕಿಂತ ಹೆಚ್ಚು ಫಲ ಕೊಟ್ಟ ಸುಧಾರಣೆ ಎರಡು ಬಿಂದುಗಳ ಬದಲು ನಾಲ್ಕನ್ನು ಬಳಸುವುದು. ಎರಡೇ ಬಿಂದುಗಳಿದ್ದಾಗ ಪ್ರವಾಹ ಹರಿಸುವುದೂ ವೋಲ್ಟೇಜ್ ಅಳೆಯುವುದೂ ಒಂದೇ ಜೋಡಿಯ ಕೆಲಸವಾಗಿ, ಧ್ರುವೀಕರಣದ ತಡೆ ಉತ್ತರದಲ್ಲಿ ಕೂಡಿಕೊಳ್ಳುತ್ತದೆ. ನಾಲ್ಕಿದ್ದಾಗ ಹೊರಗಿನ ಎರಡರ ಮೂಲಕ ಪ್ರವಾಹ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜನ್ನು ಬಹು ಹೆಚ್ಚು ಒಳತಡೆಯ ವರ್ಧಕದಿಂದ ಅಳೆಯುತ್ತಾರೆ. ಒಳಗಿನ ಜೋಡಿಯಲ್ಲಿ ಪ್ರವಾಹವೇ ಹರಿಯದಿರುವುದರಿಂದ ಅವುಗಳ ಗಡಿಯಲ್ಲಿ ವೋಲ್ಟೇಜ್ ಕುಸಿಯುವುದಿಲ್ಲ.

ಈ ಉಪಾಯದ ಪ್ರಸಿದ್ಧ ರೂಪ ಬಂದದ್ದು ವೈದ್ಯಶಾಸ್ತ್ರದಿಂದಲ್ಲ, ಭೂಮಿಯನ್ನು ಅಳೆಯುವವರಿಂದ. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಫ್ರಾಂಕ್ ವೆನ್ನರ್ 1915ರಲ್ಲಿ ಸಮದೂರದಲ್ಲಿ ನೆಟ್ಟ ನಾಲ್ಕು ಕಂಬಿಗಳಿಂದ ನೆಲದ ರೋಧಶೀಲತೆ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು. ಫ್ರಾನ್ಸಿನಲ್ಲಿ ಕಾನ್ರಾಡ್ ಶ್ಲುಂಬರ್ಜೆ ಅದೇ ಕಾಲಕ್ಕೆ ಅದಿರು ಹುಡುಕಲು ಹೆಚ್ಚುಕಡಿಮೆ ಇದೇ ವಿಧಾನ ಬೆಳೆಸುತ್ತಿದ್ದರು. ರೋಧಶೀಲತೆಯೆಂದರೆ ವಸ್ತುವಿನ ಆಕಾರ, ಗಾತ್ರಗಳನ್ನು ಕಳೆದು ಉಳಿಯುವ ಅದರ ಸ್ವಂತ ತಡೆಯ ಗುಣ. ವೆನ್ನರ್ ಜೋಡಣೆಯಲ್ಲಿ ಬಿಂದುಗಳ ನಡುವಿನ ಅಂತರವನ್ನು 2πಯಿಂದ ಗುಣಿಸಿ, ಬಂದದ್ದನ್ನು ಅಳೆದ ಓಮ್‌ಗಳಿಂದ ಗುಣಿಸಿದರೆ ಅದು ಸಿಗುತ್ತದೆ. ಅಂತರ 10 ಮೀಟರಾಗಿದ್ದರೂ 2 ಮಿಲಿಮೀಟರಾಗಿದ್ದರೂ ಸೂತ್ರ ಬದಲಾಗುವುದಿಲ್ಲ.

ಈ ಐದು ತಾಲ್ಲೂಕುಗಳ ಬಹುಭಾಗ ಗಟ್ಟಿ ಶಿಲೆಯ, ಕಡಿಮೆ ಮಳೆಯ ಪ್ರದೇಶ. ಹಡಗಲಿ, ಹರಪನಹಳ್ಳಿಗಳ ಅಂಚಿನಲ್ಲಿ ತುಂಗಭದ್ರೆ ಹರಿದರೂ, ಕೂಡ್ಲಿಗಿ, ಕೊಟ್ಟೂರು ಕಡೆಯ ಬೇಸಾಯ ಬಹುವಾಗಿ ಮಳೆಗೂ ಕೊಳವೆಬಾವಿಗೂ ಕಟ್ಟುಬಿದ್ದದ್ದು. ಗುಡೇಕೋಟೆಯ ಬಂಡೆಗುಡ್ಡಗಳನ್ನು ಕಂಡವರಿಗೆ ಇಲ್ಲಿ ನೀರು ಸಿಗುವುದು ಶಿಲೆಯ ಬಿರುಕಿನಲ್ಲಿ ಮತ್ತು ಶಿಲೆ ಕೊಳೆತು ಉದುರಾದ ಪದರದಲ್ಲಿ ಮಾತ್ರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್ ಪಾಯಿಂಟ್ ನೋಡಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರ ಜೊತೆಗೆ, ರೋಧಶೀಲತೆ ಮೀಟರ್ ಹೊತ್ತು ಬರುವ ಭೂವಿಜ್ಞಾನಿಗಳೂ ಇಲ್ಲಿ ಅಪರಿಚಿತರಲ್ಲ. ಅವರು ನಾಲ್ಕು ಉಕ್ಕಿನ ಗೂಟಗಳನ್ನು ಒಂದೇ ಗೆರೆಯಲ್ಲಿ ಸುತ್ತಿಗೆಯಿಂದ ಬಡಿದು, ಹೊರಗಿನ ಗೂಟಗಳನ್ನು ಹಂತಹಂತವಾಗಿ ದೂರ ಸರಿಸುತ್ತ ಹೋಗುತ್ತಾರೆ. ಅಂತರ ಹೆಚ್ಚಿದಂತೆ ಪ್ರವಾಹ ಹೆಚ್ಚು ಆಳಕ್ಕೆ ಇಳಿಯುವುದರಿಂದ, ಹಿಡಿ ಮಣ್ಣನ್ನೂ ಅಗೆಯದೆ ಕೆಳಗಿನ ಪದರಗಳ ಅಂದಾಜು ಸಿಗುತ್ತದೆ. ಬಿರುಕಿಲ್ಲದ ಗಟ್ಟಿ ಶಿಲೆ ಸಾವಿರ ಓಮ್-ಮೀಟರನ್ನು ಮೀರಿದರೆ, ನೀರು ಹಿಡಿದ ಉದುರು ಪದರ ಕೆಲವು ಹತ್ತು ಓಮ್-ಮೀಟರಿನಷ್ಟಕ್ಕೆ ಇಳಿದಿರುತ್ತದೆ.

ಬೇಸಿಗೆಯಲ್ಲಿ ಕೆಂಪು ಮರಳುಮಿಶ್ರಿತ ನೆಲ ಒಣಗಿ ಗೂಟದ ಸುತ್ತ ಸಂದು ಬಿಟ್ಟಾಗ, ಈ ಕೆಲಸ ಬಲ್ಲವರು ಒಂದು ಚೊಂಬು ಉಪ್ಪುನೀರನ್ನು ಗೂಟದ ಬುಡಕ್ಕೆ ಹೊಯ್ದು, ಅದು ಇಂಗುವಷ್ಟು ಹೊತ್ತು ಕಾಯ್ದು ಮೀಟರ್ ಓದುತ್ತಾರೆ. ಆಸ್ಪತ್ರೆಯ ನರ್ಸ್ ಇಸಿಜಿ ಬಿಲ್ಲೆ ಅಂಟಿಸುವ ಮೊದಲು ಎದೆಯನ್ನು ಒರೆಸಿ ಜೆಲ್ ಹಚ್ಚುವುದೂ ಭೌತಶಾಸ್ತ್ರದ ದೃಷ್ಟಿಯಲ್ಲಿ ಅದೇ ಕೆಲಸ. ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ನೆಲದ ಸೂಕ್ಷ್ಮ ವೋಲ್ಟೇಜುಗಳನ್ನು ಅಳೆಯುವವರು ಉಕ್ಕಿನ ಗೂಟದ ಧ್ರುವೀಕರಣದಿಂದ ಬೇಸತ್ತು, ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ಕಂಬಿ ಮುಳುಗಿಸಿದ ರಂಧ್ರಮಯ ಮಣ್ಣಿನ ಕುಡಿಕೆಯನ್ನು ಬಳಸುತ್ತಾರೆ. ತಾಮ್ರಕ್ಕೆ ತಾಮ್ರದ್ದೇ ಲವಣವನ್ನು ಜೊತೆಗಿಟ್ಟ ಈ ಕುಡಿಕೆ, ಬೆಳ್ಳಿಗೆ ಬೆಳ್ಳಿಯ ಕ್ಲೋರೈಡ್ ಹಚ್ಚಿದ ವೈದ್ಯಕೀಯ ಬಿಲ್ಲೆಯ ದೊಡ್ಡಣ್ಣ. ಒಂದು ವ್ಯತ್ಯಾಸ ಮಾತ್ರ ಗಮನಾರ್ಹ: ಸ್ನಾಯುವಿನ ರೋಧಶೀಲತೆ 3 ಓಮ್-ಮೀಟರಿನ ಆಸುಪಾಸಿನದು, ಅಂದರೆ ಕೂಡ್ಲಿಗಿಯ ಹೊಲದಲ್ಲಿ ನಿಂತ ರೈತನ ದೇಹ ಅವನ ಕಾಲ ಕೆಳಗಿನ ಬಂಡೆಗಿಂತ ನೂರಾರು ಪಟ್ಟು ಒಳ್ಳೆಯ ವಾಹಕ.

ನಾಲ್ಕು ಬಿಂದುಗಳಿಗೂ ಇರುವ ಮಿತಿಗಳು

ನಾಲ್ಕು ಬಿಂದುಗಳಿದ್ದರೆ ಎಲ್ಲ ದೋಷವೂ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. ನಾರ್ವೆಯ ಸ್ವೆರ‍್ರೆ ಗ್ರಿಮ್ನೆಸ್ ಮತ್ತು ಊರ್ಯಾನ್ ಮಾರ್ಟಿನ್ಸೆನ್ 2007ರ ಲೇಖನವೊಂದರಲ್ಲಿ ಈ ನಂಬಿಕೆಯ ಬಿರುಕುಗಳನ್ನು ತೋರಿಸಿದರು. ಪ್ರವಾಹದ ಬಿಂದುವಿಗೂ ಅದರ ಪಕ್ಕದ ವೋಲ್ಟೇಜ್ ಬಿಂದುವಿಗೂ ನಡುವಿನ ಜಾಗದಲ್ಲಿ ಅಂಗಾಂಶದ ರೋಧಶೀಲತೆ ಹೆಚ್ಚಾದರೆ, ಪ್ರೋಬ್ ತೋರಿಸುವ ಅಂಕಿ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ. ಋಣ ಸಂವೇದನೆಯ ವಲಯ ಎನ್ನಲಾಗುವ ಈ ಜಾಗದಲ್ಲಿ ಒಂದು ಹನಿ ರಕ್ತವೋ ಕೊಬ್ಬಿನ ಕಣವೋ ಸಿಕ್ಕಿಕೊಂಡರೆ ಉತ್ತರ ತಲೆಕೆಳಗಾಗಬಲ್ಲದು. ಪ್ರೋಬಿನ ಮುಖದ ಮೇಲೆ ಬಿಂದುಗಳನ್ನು ಸಾಲಾಗಿ ಇಡಬೇಕೋ ಚೌಕವಾಗಿಯೋ, ಎಷ್ಟು ದಪ್ಪ, ಎಷ್ಟು ದೂರ ಎಂಬ ಪ್ರಶ್ನೆಗಳು ಇದರಿಂದ ಕೇವಲ ಕಮ್ಮಟದ ಅನುಕೂಲದ ಮಾತಾಗಿ ಉಳಿಯದೆ, ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ನಿರ್ಧರಿಸಬೇಕಾದ ವಿಷಯಗಳಾದವು.

ಆಳದ ಪ್ರಶ್ನೆಯೂ ಹೀಗೆಯೇ. ಸಮದೂರದ ನಾಲ್ಕು ಬಿಂದುಗಳ ಅಳತೆ ಬಿಂದುಗಳ ಅಂತರದ ಸುಮಾರು ಅರ್ಧದಷ್ಟು ಆಳದವರೆಗಿನ ಭಾಗದಿಂದಲೇ ಮುಖ್ಯವಾಗಿ ಬರುತ್ತದೆ. ಅಂತರ 2 ಮಿಲಿಮೀಟರಾದರೆ ಪ್ರೋಬ್ ಹೆಚ್ಚಾಗಿ ನೋಡುವುದು ಮೇಲಿನ 1 ಮಿಲಿಮೀಟರನ್ನು. ಬಾಯಿಯ ಲೋಳೆಪೊರೆಯನ್ನು ಪರೀಕ್ಷಿಸುವವನಿಗೆ ಇದು ವರ, ಹೃದಯದ ಗೋಡೆಯ ಆಳದಲ್ಲಿರುವ ಗಾಯದ ಗುರುತನ್ನು ಹುಡುಕುವವನಿಗೆ ಕೊರತೆ. ಸ್ನಾಯುವಿನಲ್ಲಿ ಇನ್ನೊಂದು ತೊಡಕಿದೆ: ನಾರುಗಳ ಉದ್ದಕ್ಕೆ ಪ್ರವಾಹ ಸಲೀಸಾಗಿಯೂ ಅಡ್ಡಕ್ಕೆ ಕಷ್ಟದಿಂದಲೂ ಹರಿಯುವುದರಿಂದ, ಅದೇ ಜಾಗದಲ್ಲಿ ಪ್ರೋಬನ್ನು ಕಾಲು ಸುತ್ತು ತಿರುಗಿಸಿದರೂ ಅಂಕಿ ಬದಲಾಗುತ್ತದೆ.

ಕೈಯ ಒತ್ತಡ ಇವೆಲ್ಲಕ್ಕಿಂತ ಮಾಮೂಲಿಯಾದ, ಆದ್ದರಿಂದಲೇ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದ ದೋಷ. ಪ್ರೋಬನ್ನು ಒತ್ತಿ ಹಿಡಿದಂತೆ ಮೃದು ಅಂಗಾಂಶದ ಸಂದುಗಳಲ್ಲಿನ ದ್ರವ ಪಕ್ಕಕ್ಕೆ ಸರಿದು ಕಡಿಮೆ ಆವೃತ್ತಿಯ ತಡೆ ಏರುತ್ತದೆ. ಸಡಿಲ ಹಿಡಿದರೆ ನಾಲ್ಕರಲ್ಲಿ ಒಂದು ಬಿಂದು ಗಾಳಿಯಲ್ಲಿ ನಿಂತುಬಿಡುತ್ತದೆ. ತುದಿಯ ಹಿಂದೆ ಸ್ಪ್ರಿಂಗ್ ಕೂರಿಸಿ ಒತ್ತಡವನ್ನು ಒಂದೇ ಸಮ ಇಡುವುದು, ಬಲ ಅಳೆಯುವ ಸಣ್ಣ ಸಂವೇದಕವನ್ನು ಸೇರಿಸಿ ಸರಿಯಾದ ಬಲ ಬಂದಾಗ ಮಾತ್ರ ಅಳತೆ ದಾಖಲಾಗುವಂತೆ ಮಾಡುವುದು ಈಚಿನ ಪ್ರೋಬುಗಳ ಸುಧಾರಣೆಗಳು. ಉಷ್ಣಾಂಶವನ್ನೂ ಮರೆಯುವಂತಿಲ್ಲ: ಲವಣದ್ರಾವಣದ ವಾಹಕತೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡಾ 2ರಷ್ಟು ಏರುವುದರಿಂದ, 24 ಡಿಗ್ರಿಯ ಪ್ರಯೋಗಶಾಲೆಯಲ್ಲಿ ತುಣುಕಿನ ಮೇಲೆ ಪಡೆದ ಅಂಕಿಯನ್ನು 37 ಡಿಗ್ರಿಯ ದೇಹಕ್ಕೆ ಹಾಗೆಯೇ ಹಚ್ಚಿದರೆ ಕಾಲು ಭಾಗದಷ್ಟು ತಪ್ಪಾಗುತ್ತದೆ.

ಹೆಚ್ಚಿನ ಆವೃತ್ತಿಯ ಕಡೆ ಶತ್ರು ತಂತಿಯೇ. ಒಂದು ಮೀಟರ್ ಕವಚದ ಕೇಬಲಿಗೆ ಸುಮಾರು 100 ಪೈಕೋಫ್ಯಾರಡ್ ಧಾರಕತೆ ಇರುತ್ತದೆ. 1 ಮೆಗಾಹರ್ಟ್ಸಿನಲ್ಲಿ ಅದು 1,600 ಓಮಿನ ಕಳ್ಳದಾರಿಯಾಗಿ ಪ್ರವಾಹವನ್ನು ಅಂಗಾಂಶಕ್ಕೆ ಮುಟ್ಟುವ ಮೊದಲೇ ಸೋರಿಸುತ್ತದೆ. ಕೇಬಲಿನ ಕವಚವನ್ನು ಒಳತಂತಿಯ ವೋಲ್ಟೇಜಿನಲ್ಲಿಯೇ ಇರಿಸುವುದು ಹಳೆಯ ಪರಿಹಾರ. ವರ್ಧಕವನ್ನೇ ಪ್ರೋಬಿನ ಹಿಡಿಕೆಯೊಳಗೆ, ತುದಿಯಿಂದ ಬೆರಳುದ್ದ ದೂರದಲ್ಲಿ ಕೂರಿಸುವುದು ಈಗಿನದು.

ರೋಗಿಯ ಸುರಕ್ಷತೆಗಾಗಿ ಪ್ರವಾಹಕ್ಕೂ ಮಿತಿ ಇದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60601 ಮಾನಕವು ಕಡಿಮೆ ಆವೃತ್ತಿಯಲ್ಲಿ ರೋಗಿಯ ದೇಹದ ಮೂಲಕ ಹರಿಸಬಹುದಾದ ಪ್ರವಾಹವನ್ನು ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೋಆಂಪಿಯರಿಗೆ ಕಟ್ಟಿಹಾಕುತ್ತದೆ. 1 ಕಿಲೋಹರ್ಟ್ಸ್ ದಾಟಿದ ಮೇಲೆ ನರಗಳು ಅಷ್ಟಾಗಿ ಉದ್ರೇಕಗೊಳ್ಳದ ಕಾರಣ ಮಿತಿ ಸಡಿಲವಾಗುತ್ತದೆ. ಆವೃತ್ತಿ ಕಡಿಮೆಯಾದಲ್ಲೆಲ್ಲ ಸಂಕೇತವೂ ಕ್ಷೀಣ, ಧ್ರುವೀಕರಣವೂ ಪ್ರಬಲ. ಪ್ರೋಬ್ ಸುಧಾರಿಸುವವರ ಶ್ರಮವೆಲ್ಲ ಈ ಇಕ್ಕಟ್ಟಿನಲ್ಲಿಯೇ ಕಳೆದಿದೆ.

ಬಳಕೆಗೆ ಬಂದ ಕೆಲವು ಪ್ರೋಬುಗಳು

ಗರ್ಭಕಂಠದ ಕ್ಯಾನ್ಸರ್‌ಪೂರ್ವ ಸ್ಥಿತಿಯನ್ನು ಗುರುತಿಸಲು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬ್ರಯಾನ್ ಬ್ರೌನ್ ಮತ್ತು ಸಂಗಡಿಗರು ಬೆಳೆಸಿ, 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ ಪ್ರೋಬ್ ಈ ಕ್ಷೇತ್ರದ ಮಾದರಿ ಎನ್ನಬಹುದು. ಪೆನ್ಸಿಲಿನಂಥ ಕಡ್ಡಿ, ಅದರ ತುದಿಯಲ್ಲಿ ಸುಮಾರು 5.5 ಮಿಲಿಮೀಟರ್ ವ್ಯಾಸದ ಚಪ್ಪಟೆ ಮುಖ, ಆ ಮುಖದಲ್ಲಿ ಮಟ್ಟಸವಾಗಿ ಕೂತ ನಾಲ್ಕು ಚಿನ್ನದ ಚುಕ್ಕೆಗಳು. ಆರೋಗ್ಯವಂತ ಗರ್ಭಕಂಠದ ಮೇಲ್ಪದರದಲ್ಲಿ ಚಪ್ಪಟೆ ಕೋಶಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒತ್ತಾಗಿ ಕೂತಿರುವುದರಿಂದ ಕಡಿಮೆ ಆವೃತ್ತಿಯ ಪ್ರವಾಹಕ್ಕೆ ಕೆಳಗಿಳಿಯುವ ದಾರಿ ದೀರ್ಘವೂ ಇಕ್ಕಟ್ಟೂ ಆಗಿರುತ್ತದೆ. ಕೋಶಗಳು ಕ್ಯಾನ್ಸರಿನತ್ತ ತಿರುಗಿದಾಗ ಆ ಹೊದಿಕೆ ಕೆಟ್ಟು, ಸಂದುಗಳು ಹಿಗ್ಗಿ, ತಡೆ ಕುಸಿಯುತ್ತದೆ. ಇದೇ ಸಾಧನ ಮುಂದೆ ಜೆಡ್‌ಸ್ಕ್ಯಾನ್ ಎಂಬ ಹೆಸರಿನಲ್ಲಿ, ಗರ್ಭಕಂಠವನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೋಪಿಯ ಜೊತೆಗೆ ಬಳಸುವ ಉಪಕರಣವಾಯಿತು.

ಚರ್ಮದ ಕಥೆ ಬೇರೆ. ಹೊರಚರ್ಮದ ಸತ್ತ ಕೋಶಗಳ ಪದರ ಕೂದಲೆಳೆಗಿಂತ ತೆಳುವಾಗಿದ್ದರೂ ಒಣಗಿದಾಗ ಕಡಿಮೆ ಆವೃತ್ತಿಯ ಪ್ರವಾಹವನ್ನು ಬಹುಪಾಲು ತಡೆದುಬಿಡುತ್ತದೆ. ಹೊಲದ ಕೆಲಸದಲ್ಲಿ ಒಡೆದ ಅಂಗೈ, ಅಂಗಾಲುಗಳಲ್ಲಂತೂ ಅದು ಇನ್ನೂ ದಪ್ಪ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಸ್ಟಿಗ್ ಓಲ್ಮಾರ್ ಅವರ ಸಂಶೋಧನೆಯಿಂದ ಹುಟ್ಟಿದ ನೆವಿಸೆನ್ಸ್ ಎಂಬ ಸಾಧನ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರನ್ನು ಶಂಕಿಸಿದಾಗ ಬಳಸುವಂಥದು, ಈ ಅಡ್ಡಿಯನ್ನು ಚಿನ್ನ ಲೇಪಿಸಿದ ಸೂಕ್ಷ್ಮ ಮುಳ್ಳುಗಳ ಐದು ಪಟ್ಟಿಗಳಿಂದ ದಾಟುತ್ತದೆ. ಒಮ್ಮೆ ಬಳಸಿ ಬಿಸಾಡುವ ಆ ತುದಿ 1 ಕಿಲೋಹರ್ಟ್ಸಿನಿಂದ 2.5 ಮೆಗಾಹರ್ಟ್ಸಿನವರೆಗೆ 35 ಆವೃತ್ತಿಗಳಲ್ಲಿ ಅಳೆದು 0ಯಿಂದ 10ರವರೆಗಿನ ಒಂದು ಅಂಕಿಯನ್ನು ಕೊಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಅದಕ್ಕೆ ಅನುಮತಿ ನೀಡಿತು.

ಸೂಜಿಯ ರೂಪದ ಪ್ರೋಬುಗಳಲ್ಲಿ ತುದಿಯೊಂದನ್ನು ಬಿಟ್ಟು ಮಿಕ್ಕ ಉದ್ದಕ್ಕೆಲ್ಲ ನಿರೋಧಕ ಲೇಪ ಹಚ್ಚಿರುತ್ತಾರೆ. ಬಿಂದುವಿನಿಂದ ಹೊರಹೊಮ್ಮುವ ಪ್ರವಾಹ ತುದಿಯ ಬಳಿಯೇ ಅತಿ ದಟ್ಟವಾಗಿರುವುದರಿಂದ, ಎರಡನೆಯ ಎಲೆಕ್ಟ್ರೋಡ್ ದೇಹದ ಮೇಲೆ ಎಲ್ಲಿಯೇ ಇದ್ದರೂ ಸೂಜಿ ತನ್ನ ಮೂಗಿನ ಮುಂದಿನ ಅಂಗಾಂಶವನ್ನೇ ಅಳೆಯುತ್ತದೆ. ಫಿನ್ಲೆಂಡಿನ ಇಂಜೆಕ್ ಸಂಸ್ಥೆಯ ಸೂಜಿ ಬೆನ್ನುಹುರಿಯ ದ್ರವ ತೆಗೆಯುವಾಗ ತುದಿ ಆ ದ್ರವವನ್ನು ಮುಟ್ಟಿದೊಡನೆ ವೈದ್ಯರಿಗೆ ತಿಳಿಸುತ್ತದೆ. ದೇಹದ ದ್ರವಗಳಲ್ಲೆಲ್ಲ ಅದರ ವಾಹಕತೆ ಎದ್ದು ಕಾಣುವಷ್ಟು ಹೆಚ್ಚಿರುವುದು ಇದಕ್ಕೆ ಆಧಾರ.

ಬಹುವಾಗಿ ಹರಡಿದ ಇಂಪೀಡೆನ್ಸ್ ಪ್ರೋಬೊಂದು ಮಾತ್ರ ಯಾರ ಗಮನಕ್ಕೂ ಬಾರದೆ ದಂತವೈದ್ಯರ ಮೇಜಿನ ಮೇಲೆ ಕೂತಿದೆ. ಹಲ್ಲಿನ ಬೇರಿನ ಚಿಕಿತ್ಸೆಯಲ್ಲಿ, ಅಂದರೆ ರೂಟ್ ಕೆನಾಲ್‌ನಲ್ಲಿ, ಬೇರಿನ ತುದಿ ಎಷ್ಟು ಆಳದಲ್ಲಿದೆ ಎಂದು ಹೇಳುವ ಏಪೆಕ್ಸ್ ಲೊಕೇಟರ್ ಅದು. ಕಾಲುವೆ ಕೊರೆಯುವ ಸಪುರ ಉಕ್ಕಿನ ಫೈಲೇ ಒಂದು ಎಲೆಕ್ಟ್ರೋಡ್, ತುಟಿಗೆ ಸಿಕ್ಕಿಸಿದ ಕೊಕ್ಕೆ ಇನ್ನೊಂದು. ಜಪಾನಿನ ಸುನಾದ 1962ರಲ್ಲಿ ಬಾಯಿಯ ಲೋಳೆಪೊರೆಗೂ ಬೇರಿನ ಸುತ್ತಲಿನ ಪೊರೆಗೂ ನಡುವಿನ ತಡೆ ಯಾರಲ್ಲಾದರೂ ಸುಮಾರು 6,500 ಓಮ್ ಇರುತ್ತದೆ ಎಂದು ತೋರಿಸಿ ಇದಕ್ಕೆ ದಾರಿ ಮಾಡಿದರು. ಮೊದಲ ಸಾಧನಗಳು ಕಾಲುವೆಯಲ್ಲಿ ರಕ್ತವೋ ತೊಳೆದ ದ್ರಾವಣವೋ ಉಳಿದಿದ್ದರೆ ತಪ್ಪು ಹೇಳುತ್ತಿದ್ದವು, 0.4 ಮತ್ತು 8 ಕಿಲೋಹರ್ಟ್ಸ್ ಎಂಬ ಎರಡು ಆವೃತ್ತಿಗಳಲ್ಲಿ ಅಳೆದು ಅವುಗಳ ಅನುಪಾತವನ್ನಷ್ಟೇ ನೋಡುವ ಮೂರನೆಯ ತಲೆಮಾರಿನ ಸಾಧನಗಳು ಆ ದೋಷವನ್ನು ಬಹುಮಟ್ಟಿಗೆ ನೀಗಿದವು. ಬಿಂದುಗಳನ್ನು ಹೆಚ್ಚಿಸದೆ, ಲೋಹವನ್ನು ಬದಲಿಸದೆ, ಕೇಳುವ ಪ್ರಶ್ನೆಯನ್ನು ಬದಲಿಸಿ ಸುಧಾರಣೆ ಸಾಧಿಸಿದ ಉದಾಹರಣೆಯಿದು.

ಆಸ್ಪತ್ರೆಯ ಮಾನಿಟರಿನಲ್ಲಿ ನಾಡಿ, ಆಮ್ಲಜನಕಗಳ ಜೊತೆಗೆ ಮಿನುಗುವ ಉಸಿರಾಟದ ಗತಿಯೂ ಹೆಚ್ಚಾಗಿ ಇಂಪೀಡೆನ್ಸಿನಿಂದಲೇ ಬರುವಂಥದು. ಇಸಿಜಿಗಾಗಿ ಅಂಟಿಸಿದ ಬಿಲ್ಲೆಗಳ ಮೂಲಕವೇ ಹತ್ತಾರು ಕಿಲೋಹರ್ಟ್ಸಿನ ಪ್ರವಾಹ ಹರಿಸಿ, ಶ್ವಾಸಕೋಶಕ್ಕೆ ಗಾಳಿ ತುಂಬಿದಾಗ ನೂರಾರು ಓಮಿನ ಮೇಲೆ 1 ಓಮಿನಷ್ಟೋ ಅದಕ್ಕೂ ಕಡಿಮೆಯೋ ಏರುವ ತಡೆಯನ್ನು ಎಣಿಸುತ್ತಾರೆ. ಸೆಕೆಗೆ ಬೆವರಿ ಬಿಲ್ಲೆಯ ಒಂದು ಅಂಚು ಎದ್ದರೆ, ಇಲ್ಲವೇ ಪೊಟ್ಟಣ ತೆರೆದಿಟ್ಟು ಜೆಲ್ ಒಣಗಿದ್ದರೆ, ಸಂಪರ್ಕದ ತಡೆಯಲ್ಲಾಗುವ ಏರಿಳಿತ ಈ 1 ಓಮನ್ನು ನುಂಗಿಹಾಕುತ್ತದೆ. ಎರಡು ಬಿಂದುಗಳ ಅಳತೆಯ ಹಳೆಯ ಶಾಪ ಇದು. ಅನುಭವಿ ನರ್ಸುಗಳು ಮಾನಿಟರಿನ ಅಂಕಿಯನ್ನು ನೋಡಿದ ಮೇಲೂ ಗಡಿಯಾರ ಹಿಡಿದು ಎದೆಯ ಏರಿಳಿತವನ್ನು ಎಣಿಸುವುದು ಸುಮ್ಮನೆ ಅಲ್ಲ.

ಕರ್ನಾಟಕದಲ್ಲಿ ನಡೆದ ಕೆಲಸ

ಭಾರತದಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ರಕ್ತದ ಹರಿವನ್ನು ಇಂಪೀಡೆನ್ಸಿನಿಂದ ಅಳೆಯುವ ಉಪಕರಣಗಳನ್ನು ಬೆಳೆಸಿ ಈ ಕ್ಷೇತ್ರದ ಮೊದಲಿಗರಲ್ಲಿ ಒಂದಾಯಿತು. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ವಿಜ್ಞಾನ ಮತ್ತು ಅನ್ವಯಿಕ ಭೌತಶಾಸ್ತ್ರ ವಿಭಾಗದಲ್ಲಿ ತುಷಾರ್ ಕಾಂತಿ ಬೇರಾ ಮತ್ತು ಜೆ. ನಾಗರಾಜು 2010ರ ಆಸುಪಾಸಿನ ವರ್ಷಗಳಲ್ಲಿ ಮಾಡಿದ ಕೆಲಸ, ಪ್ರೋಬಿಗಿಂತ ಒಂದು ಹೆಜ್ಜೆ ಹಿಂದಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು: ಎಲೆಕ್ಟ್ರೋಡುಗಳು ಸರಿಯಾಗಿವೆಯೇ ಎಂದು ಯಾವುದರ ಮೇಲೆ ಪರೀಕ್ಷಿಸಬೇಕು? ದೇಹಕ್ಕೆ ಬದಲಾಗಿ ನಿಲ್ಲುವ ಇಂಥ ಮಾದರಿಗೆ ಫ್ಯಾಂಟಮ್ ಎನ್ನುತ್ತಾರೆ. ಉಪ್ಪುನೀರಿನ ತೊಟ್ಟಿಯ ಸುತ್ತ ಎಲೆಕ್ಟ್ರೋಡುಗಳನ್ನು ಕೂರಿಸಿ ಒಳಗಿನ ಚಿತ್ರ ಪಡೆಯುವ ಟೊಮೋಗ್ರಫಿಗಾಗಿ ಅವರು ಹಲವು ಫ್ಯಾಂಟಮ್‌ಗಳನ್ನು ಕಟ್ಟಿದರು. ಬರಿಯ ಉಪ್ಪುನೀರಿಗೆ ಜೀವಕೋಶಗಳ ಧಾರಕ ಗುಣ ಇಲ್ಲದ ಕಾರಣ, ಬ್ರಾಯ್ಲರ್ ಕೋಳಿಯ ಸ್ನಾಯು, ಕೊಬ್ಬು ಮೊದಲಾದ ಅಂಗಾಂಶಗಳ ಇಂಪೀಡೆನ್ಸನ್ನು ಆವೃತ್ತಿವಾರು ಅಳೆದು, ಅವು ಫ್ಯಾಂಟಮ್‌ಗೆ ಎಷ್ಟು ಒಗ್ಗುತ್ತವೆ ಎಂಬುದನ್ನು 2011ರಲ್ಲಿ ಪ್ರಕಟಿಸಿದರು. ಎಲ್ಲ ಊರಿನ ಅಂಗಡಿಯಲ್ಲೂ ಸಿಗುವ ವಸ್ತುವಿನಿಂದ ಪ್ರಯೋಗ ಕಟ್ಟುವ ಈ ಬಗೆ ಸಣ್ಣ ಕಾಲೇಜುಗಳಿಗೂ ಎಟಕುವಂಥದು. ಅದೇ ಸಂಸ್ಥೆಯ ಇಲೆಕ್ಟ್ರಾನಿಕ್ ಸಿಸ್ಟಮ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಹಾರ್ದಿಕ್ ಪಂಡ್ಯ (ಕ್ರಿಕೆಟಿಗರಲ್ಲ, ಅದೇ ಹೆಸರಿನ ಪ್ರಾಧ್ಯಾಪಕರು) ಅವರ ಪ್ರಯೋಗಾಲಯವು ಸಿಲಿಕಾನ್ ಚಿಪ್ಪಿನ ತಂತ್ರದಿಂದ ತಯಾರಿಸಿದ ಸೂಕ್ಷ್ಮ ಎಲೆಕ್ಟ್ರೋಡುಗಳಲ್ಲಿ ಅಂಗಾಂಶದ ತುಣುಕುಗಳ ವಿದ್ಯುತ್ ಗುಣಗಳನ್ನು ಅಳೆಯುವ ದಿಕ್ಕಿನಲ್ಲಿ ಕೆಲಸ ಮಾಡುತ್ತಿದೆ.

ತುಣುಕಿನ ಅಳತೆಗೂ ಜೀವಂತ ದೇಹದ ಅಳತೆಗೂ ಇರುವ ಅಂತರವನ್ನು ಇಲ್ಲಿ ನೆನೆಯಬೇಕು. ದೇಹದಿಂದ ತೆಗೆದ ತುಣುಕಿಗೆ ರಕ್ತ ಸರಬರಾಜು ನಿಂತೊಡನೆ ಕೋಶಗಳು ಊದಿಕೊಂಡು ಸಂದುಗಳು ಕಿರಿದಾಗುವುದರಿಂದ ಕಡಿಮೆ ಆವೃತ್ತಿಯ ತಡೆ ಮೊದಲು ಏರಿ, ಗಂಟೆಗಳು ಕಳೆದು ಪೊರೆಗಳು ಒಡೆದಾಗ ಇಳಿಯುತ್ತದೆ.

ತಾಲ್ಲೂಕು ಮಟ್ಟದ ಬಳಕೆಗೆ ಬೇಕಾದುವು

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಿಂದ ದೊಡ್ಡ ಕಾಯಿಲೆಗೆ ಹೋಗಬೇಕಾದದ್ದು ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಆರಂಭವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿಗೆ. 1997ರಿಂದ ಎರಡು ದಶಕ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಗೆ ದಾವಣಗೆರೆಯೇ ಹತ್ತಿರ. ಬಯಾಪ್ಸಿಯ ವರದಿಗೆ ಓಡಾಟ, ಕೂಲಿ ನಷ್ಟ, ಮತ್ತೆ ಓಡಾಟ. ಮೂವತ್ತು ದಾಟಿದವರಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರನ್ನು ತಪಾಸಣೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ ಬಿಳಿ ಕಲೆ ಮೂಡುವುದೇ ಎಂದು ಬರಿಗಣ್ಣಿನಿಂದ ನೋಡುವ ಪರೀಕ್ಷೆ ನಡೆಯುತ್ತದೆ. ನೋಡುವವರ ಕಣ್ಣಿಗೆ ತಕ್ಕಂತೆ ಉತ್ತರ ಬದಲಾಗುವುದು ಅದರ ಕೊರತೆ. ಸ್ಥಳದಲ್ಲೇ ಅಂಕಿ ಕೊಡುವ ಪ್ರೋಬಿಗೆ ಇಲ್ಲಿ ಜಾಗವಿದೆ, ಆದರೆ ಈಗ ಮಾರುಕಟ್ಟೆಯಲ್ಲಿರುವ ಸಾಧನಗಳು ಒಮ್ಮೆ ಬಳಸಿ ಬಿಸಾಡುವ ತುದಿಗಳೂ, ಪಕ್ಕದಲ್ಲಿ ಕಾಲ್ಪೊಸ್ಕೋಪೂ, ಅದನ್ನು ಬಲ್ಲ ತಜ್ಞರೂ ಮೊದಲೇ ಇದ್ದಾರೆಂದು ಭಾವಿಸಿ ಮಾಡಿದವು. ಬಿಸಾಡುವ ತುದಿಯ ಬೆಲೆ ಪ್ರತಿ ತಪಾಸಣೆಗೂ ಸೇರುತ್ತದೆ. ಮತ್ತೆ ಮತ್ತೆ ಬಳಸುವ ತುದಿಯಾದರೆ ಅದು ಆಟೋಕ್ಲೇವಿನ 121 ಡಿಗ್ರಿ ಹಬೆಯನ್ನು ನೂರಾರು ಸಲ ತಾಳಬೇಕು, ಚಿನ್ನದ ಚುಕ್ಕೆಗೂ ಅದರ ಸುತ್ತಲಿನ ರಾಳಕ್ಕೂ ನಡುವೆ ನೀರು ನುಸುಳಬಾರದು. ಹಾಗೆ ನುಸುಳಿದ ನೀರು ಎರಡು ಚುಕ್ಕೆಗಳ ನಡುವೆ ಕಣ್ಣಿಗೆ ಕಾಣದ ದಾರಿಯೊಂದನ್ನು ತೆರೆದು, ಆರೋಗ್ಯವಂತ ಅಂಗಾಂಶದ ತಡೆಯನ್ನೂ ಕಡಿಮೆ ತೋರಿಸುತ್ತದೆ. ಗರ್ಭಕಂಠದಲ್ಲಿ ಕಡಿಮೆ ತಡೆಯೆಂದರೆ ಕ್ಯಾನ್ಸರಿನ ಶಂಕೆ ಎಂದು ಓದುವುದರಿಂದ, ಕೆಟ್ಟ ಪ್ರೋಬ್ ಗಟ್ಟಿಮುಟ್ಟಾದ ಹೆಂಗಸರನ್ನು ಬಳ್ಳಾರಿಯ ಬಸ್ಸು ಹತ್ತಿಸುತ್ತದೆ.

ಇಂಥ ದೋಷವನ್ನು ಹಿಡಿಯಲು ದುಬಾರಿ ಸಲಕರಣೆ ಬೇಕಿಲ್ಲ. ಡ್ರಿಪ್ ಹಾಕುವ ಶೇಕಡಾ 0.9ರ ಸಲೈನ್ ಬಾಟಲಿ ಯಾವ ಆಸ್ಪತ್ರೆಯಲ್ಲೂ ಇರುತ್ತದೆ, ಮತ್ತು 25 ಡಿಗ್ರಿಯಲ್ಲಿ ಅದರ ರೋಧಶೀಲತೆ ಸುಮಾರು 62 ಓಮ್-ಸೆಂಟಿಮೀಟರ್. ಸಮದೂರದ ನಾಲ್ಕು ಬಿಂದುಗಳ, 2 ಮಿಲಿಮೀಟರ್ ಅಂತರದ ಪ್ರೋಬಿನ ಮುಖವನ್ನು ಅಗಲವಾದ ಪಾತ್ರೆಯಲ್ಲಿ ತುಂಬಿದ ಸಲೈನಿನ ಮೇಲ್ಮೈಗೆ ಮುಟ್ಟಿಸಿದರೆ ವೆನ್ನರ್ ಸೂತ್ರದ ಪ್ರಕಾರ 50 ಓಮಿನ ಸುಮಾರು ಬರಬೇಕು. ಸಲೈನಿಗೆ ಕೋಶಪೊರೆ ಇಲ್ಲದ ಕಾರಣ ಆ ಅಂಕಿ 100 ಹರ್ಟ್ಸಿನಲ್ಲೂ 100 ಕಿಲೋಹರ್ಟ್ಸಿನಲ್ಲೂ ಒಂದೇ ಇರಬೇಕು. ಕಡಿಮೆ ಆವೃತ್ತಿಯಲ್ಲಿ ಅಂಕಿ ದಾರಿ ತಪ್ಪಿದರೆ ಲೇಪ ಸವೆದಿದೆ, ಹೆಚ್ಚಿನ ಆವೃತ್ತಿಯಲ್ಲಿ ತಪ್ಪಿದರೆ ಕೇಬಲನ್ನು ನೋಡಬೇಕು, ಎಲ್ಲ ಕಡೆಯೂ ಒಂದೇ ಸಮ ಕಡಿಮೆ ಬಂದರೆ ಚುಕ್ಕೆಗಳ ನಡುವೆ ನೀರು ಸೇರಿದೆ ಅಥವಾ ಆ ದಿನದ ಕೋಣೆ 25 ಡಿಗ್ರಿಗಿಂತ ಬಿಸಿಯಾಗಿದೆ. ಏಪ್ರಿಲ್ ತಿಂಗಳಲ್ಲಿ ಕೋಣೆ 38 ಡಿಗ್ರಿ ಮುಟ್ಟಿದರೆ ಅದೇ ಸಲೈನ್ 40 ಓಮಿನ ಹತ್ತಿರ ತೋರಿಸುವುದರಿಂದ, ಪಾತ್ರೆಯ ಪಕ್ಕದಲ್ಲಿ ಒಂದು ಉಷ್ಣಮಾಪಕವೂ ಇರಬೇಕಾಗುತ್ತದೆ.